ಮರಳುಗಲ್ಲಿನ ಸೀಮೇಲಿ ಒಂದು ಹಗಲು: ದಾರಿ ತಪ್ಪದೆ ಹೋಗಿ ಬರೋದು ಹೇಗೆ

ಮಕ್ಕಳನ್ನ ನೋಡೋಕೆ ಅಂತ ಮೈಸೂರಿಂದ ಅಮೆರಿಕಕ್ಕೆ ಹೋಗಿ ಬರೋರು ಈಗ ಬೀದಿಗೆ ನಾಲ್ಕು ಮನೇಲಿ ಸಿಗ್ತಾರೆ, ಹೋದ್ಮೇಲೆ ಯೂಟಾ ರಾಜ್ಯದ ಆರ್ಚಸ್ಸು, ಕ್ಯಾನ್ಯನ್‌ಲ್ಯಾಂಡ್ಸು ಅನ್ನೋ ಮರಳುಗಲ್ಲಿನ ರಾಷ್ಟ್ರೀಯ ಉದ್ಯಾನಗಳನ್ನ ನೋಡಿ ಬರೋರೂ ಇದ್ದಾರೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಲು ಹತ್ತೋರಿಗೆ ಕಾಲಿನ ಕಷ್ಟ ಏನಿಲ್ಲ. ಕಷ್ಟ ಇರೋದು ದಾರೀದು. ಅಲ್ಲಿ ಎಷ್ಟೋ ಕಡೆ ಮೆಟ್ಲೂ ಇಲ್ಲ ಕಾಲುದಾರಿನೂ ಇಲ್ಲ, ಬರೀ ಬೋಳುಬಂಡೆ, ಸಾವಿರ ಜನ ನಡೆದಿದ್ರೂ ಒಂದು ಹೆಜ್ಜೆ ಗುರುತು ಕಾಣಲ್ಲ.

ಅದಕ್ಕೆ ಮೊದಲು ಇಲ್ಲೇ ಅಭ್ಯಾಸ ಮಾಡ್ಕೊಳ್ಳಿ. ಪಾಂಡವಪುರದ ಕುಂತಿಬೆಟ್ಟದ್ದು ಮರಳುಗಲ್ಲಲ್ಲ, ಆದ್ರೂ ಬಂಡೆ ಮೇಲೆ ದಾರಿ ಹುಡುಕೋ ಪಾಡು ಒಂದೇ. ಒಂದ್ಸಲ ಅಲ್ಲಿ ತುದಿ ಮೇಲೇ ಕಣ್ಣಿಟ್ಟು ಹತ್ಬಿಟ್ಟೆ, ಇಳಿಯುವಾಗ ನೋಡಿದ್ರೆ ಯಾವ ಗುಂಡೂ ಹತ್ತುವಾಗ ನೋಡಿದ ಗುಂಡಿನ ಥರ ಇಲ್ಲ, ಕೆಳಗೆ ಬರೋಷ್ಟರಲ್ಲಿ ಕತ್ತಲಾಗ್ತಾ ಬಂದಿತ್ತು. ಆವತ್ತಿಂದ ಹತ್ತು ನಿಮಿಷಕ್ಕೊಂದ್ಸಲ ಪೂರ್ತಿ ತಿರುಗಿ ನಿಂತು ಬಂದ ದಾರಿ ನೋಡ್ತೀನಿ, ತಿರುವು ಇದ್ದ ಕಡೆ ಹಿಂದಿನ ನೋಟದ ಫೋಟೋ ತೆಗಿತೀನಿ. ಈ ಒಂದು ಅಭ್ಯಾಸ ಇದ್ರೆ ಅರ್ಧ ಗೆದ್ದ ಹಾಗೆ.

ಹೊರಡೋ ಹಿಂದಿನ ದಿನ ಫೋನಿಗೆ ಆಫ್‌ಲೈನ್ ಮ್ಯಾಪ್ ಇಳಿಸ್ಕೊಳ್ಳಿ, ಕಾಗದದ ಮ್ಯಾಪೂ ಇರಲಿ, ಯಾಕಂದ್ರೆ ಎತ್ತರದ ಗೋಡೆಗಳ ಮಧ್ಯೆ ಜಿಪಿಎಸ್ ಎಲ್ಲೆಲ್ಲೋ ತೋರಿಸತ್ತೆ. ದಿಕ್ಸೂಚಿ ಬಳಸೋರಿಗೊಂದು ಮಾತು, ನಮ್ಮೂರಲ್ಲಿ ಮುಳ್ಳು ತೋರಿಸೋ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ, ಅಲ್ಲಿ ಸುಮಾರು 10 ಡಿಗ್ರಿ ಪೂರ್ವಕ್ಕೆ ವಾಲತ್ತೆ, ಸರಿಮಾಡ್ಕೊಳ್ಳದೇ ನಡೆದ್ರೆ ಕಿಲೋಮೀಟರಿಗೆ 170 ಮೀಟರ್ ಪಕ್ಕಕ್ಕೆ ಹೋಗಿರ್ತೀರ.

ನೀರು ತಲೆಗೆ ದಿನಕ್ಕೆ 4 ಲೀಟರ್. ಒಣ ಗಾಳೀಲಿ ಬೆವರು ಬಂದಿದ್ದೇ ಗೊತ್ತಾಗಲ್ಲ, ಹಾಗೇ ಆರೋಗತ್ತೆ, ಅಂಗಿ ಒದ್ದೆ ಆಗಿಲ್ಲ ಅಂತ ನಂಬಬೇಡಿ. ಜೊತೆಗೆ ಕೋಡುಬಳೆ, ನಿಪ್ಪಟ್ಟು, ಏನಾದ್ರೂ ಉಪ್ಪಿನದ್ದು ಇರಲಿ.

ಬಂಡೆ ಮೇಲೆ ದಾರಿ ತೋರಿಸೋದು ಕಲ್ಲಿನ ಗುಡ್ಡೆಗಳು. ನಮ್ಮ ಬೆಟ್ಟದ ದೇವಸ್ಥಾನಗಳ ಹತ್ರ ಮನೆ ಕಟ್ಟೋ ಆಸೆಗೆ ಕಲ್ಲ ಮೇಲೆ ಕಲ್ಲು ಪೇರಿಸ್ತಾರಲ್ಲ, ನೋಡೋಕೆ ಥೇಟ್ ಹಾಗೇ. ಒಂದು ಗುಡ್ಡೆ ಹತ್ರ ನಿಂತು ಮುಂದಿನದು ಕಂಡ್ಮೇಲೇ ಹೆಜ್ಜೆ ಇಡಿ, ಕಾಣದೇ ಇದ್ರೆ ಹಿಂದಿನದಕ್ಕೆ ವಾಪಸ್ ಹೋಗಿ ಹುಡುಕಿ. ದಯವಿಟ್ಟು ನೀವು ಹೊಸದು ಪೇರಿಸಬೇಡಿ, ನಿಮ್ಮ ಹಿಂದೆ ಬರೋರು ಅದನ್ನೇ ನಂಬ್ಕೊಂಡು ಹೋಗ್ತಾರೆ. ಕಪ್ಪಗೆ ಉಬ್ಬುಬ್ಬಾಗಿರೋ ಮಣ್ಣನ್ನೂ ತುಳಿಬೇಡಿ, ಅದರಲ್ಲಿ ಜೀವ ಇದೆ, ಮರಳನ್ನ ಹಿಡಿದಿಟ್ಟಿರೋದೇ ಅದು, ಒಂದ್ಸಲ ಮುರಿದ್ರೆ ಕೂಡೋಕೆ ಎಷ್ಟೋ ವರ್ಷ ಬೇಕು. ಬಂಡೆ ಮೇಲೆ, ಇಲ್ಲಾ ಒಣ ಹಳ್ಳದ ಮರಳಲ್ಲಿ ನಡೀರಿ.

ಇಳಿಯೋಕೆ ಆಗತ್ತೆ ಅಂತ ಖಾತ್ರಿ ಇಲ್ಲದ ಬಂಡೆ ಹತ್ತಲೇಬೇಡಿ. ಮಳೆ ಬಂದಿದ್ರೆ ಇನ್ನೂ ಹುಷಾರು, ಮರಳಿನ ಕಣಗಳನ್ನ ಅಂಟಿಸಿರೋ ಪದಾರ್ಥ ನೆನೆದ್ರೆ ಕಲ್ಲು ಬಲ ಕಳ್ಕೊಳತ್ತೆ, ಹಿಡ್ಕೊಂಡಿದ್ದು ಕೈಗೇ ಕಿತ್ಕೊಂಡು ಬರಬಹುದು.

ಹಳ್ಳದ ವಿಷಯದಲ್ಲಿ ಮಾತ್ರ ಎಷ್ಟು ಹೇಳಿದ್ರೂ ಕಮ್ಮಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅಲ್ಲೂ ಮಳೆಗಾಲ, ದೂರದಲ್ಲಿ ಎಲ್ಲೋ ಸುರಿದ ಮಳೆ ಬೋಳುಬಂಡೆ ಮೇಲೆ ಇಂಗದೇ ಜಾರ್ಕೊಂಡು ಬಂದು ಇಕ್ಕಟ್ಟು ಕೊರಕಲಿಗೆ ನುಗ್ಗತ್ತೆ. 1997ರ ಆಗಸ್ಟ್ 12ರಂದು ಪಕ್ಕದ ಅರಿಜೋನಾದ ಆಂಟಿಲೋಪ್ ಕ್ಯಾನ್ಯನ್ನಿನಲ್ಲಿ 11 ಜನ ಸತ್ತಿದ್ದು ಹೀಗೇ, ಮಳೆ ಬಿದ್ದಿದ್ದು ಎಷ್ಟೋ ಕಿಲೋಮೀಟರ್ ಮೇಲ್ಗಡೆ. ಕೊರಕಲಿಗೆ ಇಳಿಯೋ ಮುಂಚೆ ಹಳ್ಳ ಎಲ್ಲಿಂದ ಬರತ್ತೋ ಅಲ್ಲಿನ ಹವಾಮಾನ ವಿಚಾರಿಸಿ, ಅನುಮಾನ ಬಂದ್ರೆ ಇಳಿಯಬೇಡಿ.

ಎಷ್ಟು ಗಂಟೆಗೆ ವಾಪಸ್ ತಿರುಗಬೇಕು ಅಂತ ಹೊರಡುವಾಗಲೇ ಗಟ್ಟಿ ಮಾಡ್ಕೊಂಡು ಮನೇಲಿರೋರಿಗೂ ಹೇಳಿ ಹೋಗಿ. ಅಷ್ಟಾಗಿಯೂ ದಾರಿ ತಪ್ಪಿದ್ರೆ ಶಾರ್ಟ್‌ಕಟ್ ಅಂತ ಬಂಡೆ ಇಳಿಯೋಕೆ ಹೋಗ್ಬೇಡಿ, ನೆರಳು ನೋಡ್ಕೊಂಡು ಕೂತು ಫೋಟೋಗಳನ್ನ ಒಂದೊಂದಾಗಿ ಹಿಂದಕ್ಕೆ ನೋಡ್ತಾ ಬನ್ನಿ, ಆಗಲೂ ಗೊತ್ತಾಗದಿದ್ರೆ ಅಲ್ಲೇ ಇದ್ದು ಮೂರು ಮೂರು ಸಲ ಸೀಟಿ ಊದ್ತಾ ಇರಿ, ಹುಡುಕೋಕೆ ಬರೋರಿಗೆ ಕೇಳತ್ತೆ.