ಮನಸ್ಸು ಹೊಸದಾಗುವಂತೆ ಸತ್ಯವೇದದ (ಬೈಬಲ್) ವಾಕ್ಯ ಓದುವುದು: ನಾನು ಅನುಸರಿಸುವ ಕ್ರಮ

ನೂತನ ಮನಸ್ಸನ್ನು ಹೊಂದಿಕೊಳ್ಳಿರಿ ಎಂಬ ವಚನ, ಅಂದರೆ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 12:2 (12ನೇ ಅಧ್ಯಾಯ, 2ನೇ ವಚನ), ನಮ್ಮ ಕ್ರೈಸ್ತ ಸಭೆಗಳಲ್ಲಿ ಬಹಳ ಜನಕ್ಕೆ ಬಾಯಿಪಾಠ. ಆದರೆ ಪೌಲ ಆ ಮಾತಿಗೆ ಬರುವ ಮುಂಚೆ 11 ಅಧ್ಯಾಯ ದೇವರ ಕನಿಕರವನ್ನು ವಿವರಿಸಿರುತ್ತಾನೆ. ಆ 11 ಅಧ್ಯಾಯ ಬಿಟ್ಟು ಒಂದು ವಚನವನ್ನಷ್ಟೇ ಎತ್ತಿಕೊಂಡರೆ ಅದು ಬರೀ ಆಜ್ಞೆಯಾಗಿ ಉಳಿದುಬಿಡುತ್ತದೆ. ಅದಕ್ಕೇ ನಾನು ಬಿಡಿ ವಚನಗಳನ್ನು ಓದುವುದಿಲ್ಲ. ಒಂದು ಪುಸ್ತಕ ಹಿಡಿದು ಕೆಲವು ವಾರ ಅದರಲ್ಲೇ ಇರುತ್ತೇನೆ.

ಹೊಸದಾಗಿ ಶುರುಮಾಡುವವರಿಗೆ, ಪೌಲ ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಬರೆದ ಪತ್ರಿಕೆಯನ್ನೇ ಹೇಳುತ್ತೇನೆ. 4 ಅಧ್ಯಾಯ, 104 ವಚನ. ಗಟ್ಟಿಯಾಗಿ ಓದಿದರೂ 20 ನಿಮಿಷದೊಳಗೆ ಮುಗಿಯುತ್ತದೆ. ಮೊದಲ ವಾರ ದಿನವೂ ಇಡೀ ಪತ್ರಿಕೆಯನ್ನು ಒಂದೇ ಸಲಕ್ಕೆ, ಕಿವಿಗೆ ಕೇಳುವ ಹಾಗೆ ಓದಬೇಕು. ಪೆನ್ನು ಮುಟ್ಟಬಾರದು. ಮೂರ್ನಾಲ್ಕು ದಿನ ಕಳೆಯುವಷ್ಟರಲ್ಲಿ ಪತ್ರಿಕೆಯ ಹಿನ್ನೆಲೆ ತಾನಾಗಿ ಕಾಣತೊಡಗುತ್ತದೆ: ಬರೆಯುತ್ತಿರುವವನು ಬೇಡಿಯಲ್ಲಿದ್ದಾನೆ, ಆದರೂ ಸಂತೋಷದ ಮಾತು ಮತ್ತೆ ಮತ್ತೆ ಬರುತ್ತದೆ, ಸಭೆಯ ಇಬ್ಬರು ಸ್ತ್ರೀಯರಲ್ಲಿ ಮನಸ್ತಾಪವಿದೆ, ಆ ಸಭೆಯವರು ಕಳಿಸಿದ ಎಪಫ್ರೊದೀತನ ಕೈಯಲ್ಲಿ ಸಹಾಯ ಬಂದು ತಲುಪಿದೆ. ಇಷ್ಟು ಗೊತ್ತಾದ ಮೇಲೆ, 'ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ' ಎಂಬ 4:13ನ್ನು ಪರೀಕ್ಷೆಯಲ್ಲಿ ಗೆಲ್ಲುವ ಮಂತ್ರದ ಹಾಗೆ ಬಳಸಲು ಮನಸ್ಸೇ ಬರುವುದಿಲ್ಲ. ಹಿಂದಿನ ಎರಡು ವಚನಗಳಲ್ಲಿ ಅವನು ಹೇಳುತ್ತಿರುವುದು ಹಸಿವಿನಲ್ಲೂ ಸಮೃದ್ಧಿಯಲ್ಲೂ ಸಂತುಷ್ಟನಾಗಿರಲು ಕಲಿತದ್ದನ್ನು.

ಎರಡನೇ ವಾರದಿಂದ ವಾರಕ್ಕೊಂದು ಅಧ್ಯಾಯ, ದಿನಕ್ಕೆ ಐದಾರು ವಚನ, ವಾರದಲ್ಲಿ ಐದು ದಿನ. ಉಳಿದ ಎರಡು ದಿನ ತಪ್ಪಿದ್ದನ್ನು ಓದಲು. ಹಳೆಯ ಅನುವಾದದ ಪಕ್ಕದಲ್ಲಿ ಸುಲಭ ಕನ್ನಡದ ಅನುವಾದವೊಂದನ್ನು ಇಟ್ಟುಕೊಳ್ಳುತ್ತೇನೆ. ಹಳೆಯದರ ಉದ್ದ ವಾಕ್ಯಗಳಲ್ಲಿ ಯಾರು ಯಾರಿಗೆ ಏನು ಮಾಡಿದರೆಂಬುದು ಕೈತಪ್ಪಿಹೋಗುತ್ತದೆ. ಬಾಯಿಪಾಠಕ್ಕೆ ಮಾತ್ರ ಅದರ ಲಯಕ್ಕೆ ಸಾಟಿಯಿಲ್ಲ.

ನೋಟ್‌ಬುಕ್ಕಿನಲ್ಲಿ ಎದುರುಬದುರಿನ ಎರಡು ಪುಟ ಬೇಕು. ಎಡಪುಟದಲ್ಲಿ ವಚನ ಏನು ಹೇಳುತ್ತದೆ ಅನ್ನುವುದಷ್ಟೇ: ಆಜ್ಞೆ ಯಾವುದು, ಅದಕ್ಕೆ ಕೊಟ್ಟ ಕಾರಣ ಯಾವುದು, ವಾಗ್ದಾನ ಇದ್ದರೆ ಯಾರಿಗೆ. ಬಲಪುಟದಲ್ಲಿ ಅದೇ ವಿಷಯದಲ್ಲಿ ನನ್ನ ತಲೆಯಲ್ಲಿ ಓಡುವ ಯೋಚನೆ, ಓಡುವ ಮಾತಿನಲ್ಲೇ. ಹೆಚ್ಚಿನವರು ಎಡವುವುದು ಇಲ್ಲಿ. 'ನನ್ನಲ್ಲಿ ವಿಶ್ವಾಸ ಕಡಿಮೆ' ಎಂದು ಬರೆದುಬಿಡುತ್ತಾರೆ. ಅದು ಯೋಚನೆಯಲ್ಲ, ಪ್ರಾರ್ಥನಾ ಕೂಟದಲ್ಲಿ ಆಡುವ ಮಾತು. ದೇವರ ವಾಕ್ಯಕ್ಕೆ ಅದರಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ.

'ಈ ತಿಂಗಳು ಮಗಳ ಫೀಸು ಕಟ್ಟದಿದ್ದರೆ ನೆಂಟರ ಮುಂದೆ ಮರ್ಯಾದೆ ಹೋಗುತ್ತದೆ' ಎಂದು ಬರೆದರೆ ವಾಕ್ಯಕ್ಕೆ ಕೆಲಸವಿದೆ. ಆ ಒಂದು ಸಾಲಿನಲ್ಲಿ ಎರಡು ಭಯಗಳಿವೆ, ಹಣದ್ದೊಂದು, ಮರ್ಯಾದೆಯದ್ದೊಂದು. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ಹಣದ ಭಯದ ಎದುರಿಗೆ, ಚಿಂತೆಮಾಡದೆ ಎಲ್ಲವನ್ನೂ ದೇವರಿಗೆ ತಿಳಿಸಿರಿ ಎನ್ನುವ 4:6 ನಿಲ್ಲುತ್ತದೆ. ಅಲ್ಲಿ ವಿಜ್ಞಾಪನೆಯ ಜೊತೆಗೆ ಕೃತಜ್ಞತಾಸ್ತುತಿಯೂ ಇದೆ. ನಾವು ಸಾಮಾನ್ಯವಾಗಿ ಅದನ್ನು ಬಿಟ್ಟು ಬೇಡಿಕೆಗೆ ಹಾರುತ್ತೇವೆ. ಆದ್ದರಿಂದ ಬೇಡುವ ಮುಂಚೆ, ಹಿಂದೆ ದೇವರು ನಡೆಸಿದ ಮೂರು ಸಂಗತಿಗಳನ್ನು ಬರೆಯುತ್ತೇನೆ. ಮರ್ಯಾದೆಯ ಭಯಕ್ಕೆ ಎದುರು 3:7-8: ಲಾಭವೆಂದುಕೊಂಡಿದ್ದನ್ನೆಲ್ಲ ಪೌಲ ಕ್ರಿಸ್ತನ ನಿಮಿತ್ತ ನಷ್ಟವೆಂದು ಎಣಿಸಿದ ಮಾತು. ಫೀಸಿಗಾಗಿ ಎಷ್ಟು ಪ್ರಾರ್ಥಿಸಿದರೂ ಎದೆಬಡಿತ ನಿಲ್ಲದಿರುವುದು ಈ ಎರಡನೇ ಭಯವನ್ನು ದೇವರ ಮುಂದೆ ಇಡದಿದ್ದಾಗಲೇ. ಕೊನೆಗೆ ಅವತ್ತೇ ಮಾಡಬೇಕಾದ ಒಂದು ಕೆಲಸ, ಯಾಕೆಂದರೆ 4:9 ಕಲಿತದ್ದನ್ನು ಮಾಡಿರಿ ಎನ್ನುತ್ತದೆ. ಇಲ್ಲಿ ಅದು ಕಾಲೇಜಿನ ಆಫೀಸಿಗೆ ಹೋಗಿ ಎರಡು ಕಂತಿನಲ್ಲಿ ಕಟ್ಟಬಹುದೇ ಎಂದು ಕೇಳುವುದು.

ಬಾಯಿಪಾಠ ವಾರಕ್ಕೆ ಒಂದೇ ವಚನ, ಅಧ್ಯಾಯ-ವಚನ ಸಂಖ್ಯೆಯನ್ನು ಮೊದಲೂ ಕೊನೆಗೂ ಹೇಳುತ್ತಾ. ಹಳೆಯ ವಚನಗಳನ್ನು ವಾರಾಂತ್ಯದಲ್ಲಿ ನೋಡದೆ ಹೇಳಿ, ತಪ್ಪಿದ ಪದಕ್ಕೆ ಗೆರೆ ಎಳೆಯುತ್ತೇನೆ.

ಹೊಸ ವರ್ಷಕ್ಕೆ ಹಂಚುವ, ಒಂದೊಂದು ವಚನವಿರುವ ವಾಗ್ದಾನ ಕಾರ್ಡುಗಳಿಗೆ ನಾನು ವಿರೋಧಿಯಲ್ಲ. ಆದರೆ ಕಾರ್ಡಿನಲ್ಲಿ, ನಿಮಗೆ ಒಳ್ಳೆಯ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವೆನು ಎಂಬ ಯೆರೆಮೀಯ 29:11 ಬಂದರೆ ದಯವಿಟ್ಟು ಅದೇ ದಿನ 29ನೇ ಅಧ್ಯಾಯವನ್ನು 1ರಿಂದ 14ರವರೆಗೆ ಓದಿ. ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಬರೆದ ಪತ್ರ. ಹತ್ತನೇ ವಚನ 70 ವರ್ಷ ಕಾಯಬೇಕೆನ್ನುತ್ತದೆ. ಐದನೆಯದು ಅಲ್ಲಿಯೇ ಮನೆ ಕಟ್ಟಿ, ತೋಟ ಮಾಡಿ ಎನ್ನುತ್ತದೆ. ತಾಳ್ಮೆ ಕಲಿಸುವ ವಚನವನ್ನು ತಕ್ಷಣದ ಫಲಕ್ಕೆ ಬಳಸಿದರೆ ಮಾರ್ಚ್ ಹೊತ್ತಿಗೆ ಮನಸ್ಸು ಮುರಿಯುತ್ತದೆ.

ಒಂದೇ ವರ್ಷದಲ್ಲಿ ಇಡೀ ಸತ್ಯವೇದ ಮುಗಿಸುವ ಯೋಜನೆಗೂ ಇದೇ ಗತಿ. 1189 ಅಧ್ಯಾಯ ಅಂದರೆ ದಿನಕ್ಕೆ ಮೂರೋ ನಾಲ್ಕೋ. ಬಹಳ ಜನ ಆರಂಭದಲ್ಲೇ ಬರುವ ವಿಮೋಚನಕಾಂಡದ ಗುಡಾರದ ಅಳತೆಗಳಲ್ಲೋ ಯಾಜಕಕಾಂಡದಲ್ಲೋ ನಿಂತುಬಿಡುತ್ತಾರೆ. ವರ್ಷಕ್ಕೊಂದು ಗುರಿ ಬೇಕೇ ಬೇಕೆನ್ನುವವರಿಗೆ ಸತ್ಯವೇದದ ಎರಡನೇ ಭಾಗವಾದ ಹೊಸ ಒಡಂಬಡಿಕೆಯ 260 ಅಧ್ಯಾಯ ಸಾಕು: ದಿನಕ್ಕೊಂದರಂತೆ ವಾರಕ್ಕೆ ಐದು, ಸರಿಯಾಗಿ 52 ವಾರ. ಮಧ್ಯೆ ವಾರಗಟ್ಟಲೆ ತಪ್ಪಿದರೆ ಬಾಕಿ ತೀರಿಸಲು ಹೋಗಬೇಡಿ, ಆ ವಾರದ ಅಧ್ಯಾಯದಿಂದಲೇ ಮುಂದುವರಿಯಿರಿ. ಫಿಲಿಪ್ಪಿಯವರಿಗೆ ಬರೆದದ್ದು ಮುಗಿದ ಮೇಲೆ ನಾನು ಯಾಕೋಬನ ಪತ್ರಿಕೆಗೆ ಹೋಗುತ್ತೇನೆ. 5 ಅಧ್ಯಾಯ, ಮೂರನೆಯದು ನಾಲಿಗೆಯ ವಿಷಯ. ಅದಕ್ಕೆ ಬಲಪುಟವನ್ನು ಎರಡರಷ್ಟು ಬಿಡಬೇಕಾಗುತ್ತದೆ.