ಸೈಕಲ್‌ನಿಂದ ಬಿದ್ದು ಭುಜ ಮುರಿದಿದೆಯಾ? ಸುಮ್ನೆ ಕೂರುವುದೇ ಆರೈಕೆಯಲ್ಲ

ಸೈಕಲ್‌ನಿಂದ ಬಿದ್ದಾಗ ಭುಜ ನೇರವಾಗಿ ರಸ್ತೆಗೆ ಬಡಿಯುತ್ತದೆ, ಇಲ್ಲವೇ ಊರಿದ ಕೈ ಏಟನ್ನು ಮೇಲಕ್ಕೆ ಸಾಗಿಸುತ್ತದೆ. ಕಾಲರ್ ಬೋನ್ ಮುರಿಯುವುದೇ ಜಾಸ್ತಿ. ತೋಳಿನ ಮೂಳೆಯ ಮೇಲ್ತುದಿ ಮುರಿದವರಿಗಾಗಿ ಈ ಲೇಖನ.

ಮೊದಲು ಎಕ್ಸ್‌ರೇ. ‘ಪುತ್ತೂರು ಕಟ್ಟು ಹಾಕಿಸಿ’, ‘ಎಣ್ಣೆ ಹಚ್ಚಿ ತಿಕ್ಕಿಸಿ’ ಅನ್ನುವವರು ಆಸ್ಪತ್ರೆ ಬಾಗಿಲಲ್ಲೇ ಸಿಗುತ್ತಾರೆ. ತಿಕ್ಕಿದರೆ ಮೂಳೆ ಇನ್ನಷ್ಟು ಜರುಗಬಹುದು. ತೋಳಿನ ಹೊರಬದಿ ಜೋಮು ಹಿಡಿದಂತಿದ್ದರೆ, ಬೆರಳು ತಣ್ಣಗಾದರೆ ತಕ್ಷಣ ವೈದ್ಯರಿಗೆ ಹೇಳಿ. ಆಪರೇಷನ್ ಎಲ್ಲರಿಗೂ ಬೇಕಿಲ್ಲ. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರೊಫರ್ ಅಧ್ಯಯನದಲ್ಲಿ, ಆಪರೇಷನ್ ಆದವರಿಗೂ ಬರೀ ಸ್ಲಿಂಗ್ ಹಾಕಿದವರಿಗೂ ಎರಡು ವರ್ಷದ ನಂತರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅದರಲ್ಲಿದ್ದವರು ಹೆಚ್ಚಾಗಿ ವಯಸ್ಸಾದವರು. ನಿಮ್ಮ ಮೂಳೆ ಎಷ್ಟು ಜರುಗಿದೆ ಅನ್ನುವುದೇ ಮುಖ್ಯ.

ಮೊದಲ ವಾರ ಕಷ್ಟವಾಗುವುದು ನಿದ್ದೆ. ಅಂಗಾತ ಮಲಗಿದರೆ ನೋವು ಹೆಚ್ಚು. ಬೆನ್ನಿಗೆ ಮೂರ್ನಾಲ್ಕು ದಿಂಬು ಒರಗಿಸಿ ಅರ್ಧ ಕುಳಿತಂತೆ ಮಲಗಿ. ಮೊಣಕೈ ಹಿಂದಕ್ಕೆ ಜಾರದಂತೆ ಅದರ ಕೆಳಗೊಂದು ದಿಂಬಿರಲಿ. ನೀಲಿಗಟ್ಟಿದ್ದು ಮೊಣಕೈವರೆಗೆ, ಎದೆಯವರೆಗೆ ಇಳಿದರೆ ಗಾಬರಿ ಬೇಡ. ಒಳಗೆ ಸೋರಿದ ರಕ್ತ ಕೆಳಗಿಳಿಯುತ್ತದೆ, ಅಷ್ಟೇ. ಮುಂದೆ ಗುಂಡಿ ಇರುವ ಅಂಗಿ ಹಾಕಿ. ಪೆಟ್ಟಾದ ಕೈ ಮೊದಲು ಒಳಗೆ, ಬಿಚ್ಚುವಾಗ ಕೊನೆಗೆ ಹೊರಗೆ. ಸ್ನಾನದಲ್ಲಿ ಕಂಕುಳು ತೊಳೆಯಲು ಕೈ ಎತ್ತಬೇಡಿ. ಮುಂದಕ್ಕೆ ಬಾಗಿ, ಕೈ ತಾನಾಗಿ ಜೋತುಬೀಳುತ್ತದೆ.

ಮೂಳೆ ಹೆಚ್ಚಾಗಿ ತಾನೇ ಕೂಡಿಕೊಳ್ಳುತ್ತದೆ. ಕಾಡುವುದು ಬಿಗಿತ. ನೋವಿಗೆ ಹೆದರಿ ತಿಂಗಳುಗಟ್ಟಲೆ ಸ್ಲಿಂಗ್‌ನಲ್ಲೇ ಇಟ್ಟ ಭುಜ ಆಮೇಲೆ ತಲೆ ಬಾಚಲೂ ಏಳುವುದಿಲ್ಲ. ಅದಕ್ಕೇ ಬೆರಳು, ಮಣಿಕಟ್ಟುಗಳನ್ನು ಮೊದಲ ದಿನದಿಂದಲೇ ಆಡಿಸಿ. ವೈದ್ಯರು ಬೇಡವೆನ್ನದಿದ್ದರೆ ಮೊಣಕೈಯನ್ನೂ ಮಡಚಿ ಬಿಡಿಸಿ. ಅವರು ಒಪ್ಪಿದ ಮೇಲೆ, ಸಾಮಾನ್ಯವಾಗಿ ಒಂದೆರಡು ವಾರಕ್ಕೆ, ಲೋಲಕದ ವ್ಯಾಯಾಮ ಶುರು. ಒಳ್ಳೆಯ ಕೈಯನ್ನು ಮೇಜಿನ ಮೇಲೆ ಊರಿ ಬಾಗಿ. ಇನ್ನೊಂದು ಕೈ ಸಡಿಲವಾಗಿ ನೇತಾಡಲಿ. ಸೊಂಟವನ್ನು ಮೆಲ್ಲಗೆ ತೂಗಿದರೆ ಕೈ ತಾನೇ ಸಣ್ಣ ಸುತ್ತು ಹಾಕುತ್ತದೆ. ಕೈಯನ್ನೇ ತಿರುಗಿಸಲು ಹೋದರೆ ವ್ಯಾಯಾಮ ಕೆಟ್ಟಂತೆ.

ಆಮೇಲೆ ಮಲಗಿಕೊಂಡು ಎರಡೂ ಕೈಯಲ್ಲಿ ಕೋಲು ಹಿಡಿದು, ಒಳ್ಳೆಯ ಕೈಯಿಂದ ಇನ್ನೊಂದನ್ನು ಮೇಲೆತ್ತುವುದು. ನಂತರ ಗೋಡೆಯ ಮೇಲೆ ಬೆರಳು ಹತ್ತಿಸುವುದು. ಸ್ವಲ್ಪ ನೋವಾದರೆ ಪರವಾಗಿಲ್ಲ. ರಾತ್ರಿಯೆಲ್ಲ ಕಾಡಿದರೆ ಮರುದಿನ ಕಡಿಮೆ ಮಾಡಿ. ಭಾರ ಎತ್ತುವುದು, ರಬ್ಬರ್ ಪಟ್ಟಿ ಎಳೆಯುವುದು ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಂಡ ಮೇಲೆ, ಸಾಮಾನ್ಯವಾಗಿ ಆರು ವಾರ ಕಳೆದು. ಸಿಗರೇಟು ಸೇದುವವರ ಮೂಳೆ ಕೂಡುವುದು ನಿಧಾನ. ಬಿಡುವುದಕ್ಕೆ ಇದಕ್ಕಿಂತ ಒಳ್ಳೆ ನೆಪ ಇನ್ನೇನು ಬೇಕು?

ಮನೆಯೊಳಗೆ ನಿಲ್ಲಿಸಿದ ಸೈಕಲ್ಲನ್ನು, ಹ್ಯಾಂಡಲ್ ಮೇಲೆ ಭಾರ ಹಾಕದೆ, ವೈದ್ಯರನ್ನು ಕೇಳಿ ಬೇಗನೇ ತುಳಿಯಬಹುದು. ರಸ್ತೆಗೆ ಇಳಿಯಲು ಹೆಚ್ಚಿನವರಿಗೆ ಸುಮಾರು ಮೂರು ತಿಂಗಳು ಬೇಕು. ಎರಡೂ ಕೈಯಿಂದ ಬ್ರೇಕ್ ಗಟ್ಟಿಯಾಗಿ ಹಿಡಿಯಲು ಬರಬೇಕು, ಕತ್ತು ತಿರುಗಿಸಿ ಹಿಂದೆ ನೋಡಲು ಬರಬೇಕು. ಹೊರಡುವ ಮುಂಚೆ ಮುಂದಿನ ಫೋರ್ಕ್ ಬಿರುಕು ಬಿಟ್ಟಿದೆಯಾ ನೋಡಿಸಿ. ಬಿದ್ದಾಗ ತಲೆ ತಗುಲಿದ್ದರೆ ಹಳೆ ಹೆಲ್ಮೆಟ್ ಬಿಸಾಡಿ. ಹೊರಗೆ ಚೆನ್ನಾಗಿಯೇ ಕಂಡರೂ, ಒಮ್ಮೆ ಅದುಮಿದ ಒಳಗಿನ ಥರ್ಮೋಕೋಲ್ ಮುಂದಿನ ಪೆಟ್ಟನ್ನು ಸರಿಯಾಗಿ ತಡೆಯುವುದಿಲ್ಲ.