6/6 ಓದಿದರೂ ಮಬ್ಬು: ಹಿರಿಯರ ದೃಷ್ಟಿಯನ್ನು ಜಗುಲಿಯಲ್ಲಿ ಅಳೆಯುವ ಬಗೆ

ಪೊರೆ ತೆಗೆಸಿಯಾಗಿದೆ, ಒಳಗೆ ಹೊಸ ಮಸೂರ ಕೂತಿದೆ, ಕನ್ನಡಕದ ನಂಬರೂ ಸರಿಯಿದೆ, ಚಾರ್ಟಿನಲ್ಲಿ ಸರಿ ದೃಷ್ಟಿಯ ಗುರುತಾದ 6/6 ಸಾಲನ್ನು ತಡವರಿಸದೆ ಓದುತ್ತಾರೆ. ಆದರೂ ಎಪ್ಪತ್ತು ದಾಟಿದವರು "ಎಲ್ಲಾ ಕಾಣ್ತದೆ, ಆದ್ರೆ ಸಮ ಕಾಣ್ತಿಲ್ಲ" ಅನ್ನುತ್ತಾರೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಗೇ ಹೋಗಿ ಕಣ್ಣು ನೋಡುವ ಕೆಲಸದಲ್ಲಿ ನನಗೆ ಇದಕ್ಕಿಂತ ಹೆಚ್ಚು ಸಲ ಕೇಳಿಸುವ ದೂರು ಇನ್ನೊಂದಿಲ್ಲ. ಮುಸ್ಸಂಜೆಯಲ್ಲಿ ಮೆಟ್ಟಿಲಿನ ಅಂಚು ಸಿಗುವುದಿಲ್ಲ, ಮಂಜಿನಲ್ಲಿ ಎದುರಿನ ಬೈಕು ಹತ್ತಿರ ಬಂದ ಮೇಲೆ ಕಾಣುತ್ತದೆ, ಸ್ಟೀಲ್ ತಟ್ಟೆಯಲ್ಲಿ ಮಜ್ಜಿಗೆ ಅನ್ನ ಎಲ್ಲಿಗೆ ಮುಗಿಯಿತು ತಿಳಿಯುವುದಿಲ್ಲ. 6/6 ಸಾಲು ಅಚ್ಚ ಬಿಳಿಯ ಮೇಲಿನ ಕಡುಗಪ್ಪು ಅಕ್ಷರ. ಅಲುಗಾಡುವುದಿಲ್ಲ, ಓದಲು ಅವಸರವೂ ಇಲ್ಲ. ಮಳೆಗಾಲದ ಮಲೆನಾಡಿನಲ್ಲಿ ಅಂಥ ದೃಶ್ಯ ಎಲ್ಲಿದೆ?

ಕಣ್ಣಿನ ಪಾಲು ಇದ್ದೇ ಇದೆ. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಇಪ್ಪತ್ತರಲ್ಲಿ ಅಕ್ಷಿಪಟಕ್ಕೆ ತಲುಪುತ್ತಿದ್ದ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಅರವತ್ತರಲ್ಲಿ ತಲುಪುತ್ತದೆ. ಹಳದಿ ಮಸೂರ ತೆಗೆದು ಹೊಸದು ಹಾಕಿದ ಮೇಲೂ ಉಳಿಯುವ ಮಬ್ಬಿಗೆ ಮಾತ್ರ ತಲೆಯ ಹಿಂಭಾಗದಲ್ಲಿ, ನೋಟವನ್ನು ಅರ್ಥಮಾಡಿಕೊಳ್ಳುವ ಮೆದುಳಿನ ಭಾಗವಾದ ದೃಷ್ಟಿ ತೊಗಟೆಯತ್ತಲೂ ನೋಡಬೇಕು.

ವಯಸ್ಸಾದರೆ ಮೆದುಳಿನ ಕೋಶಗಳು ರಾಶಿ ರಾಶಿ ಸಾಯುತ್ತವೆ ಎಂಬ ಮಾತು ಇಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ಮಂಗಗಳಲ್ಲಿ ಈ ತೊಗಟೆಯ ಮೊದಲ ಭಾಗದ ಕೋಶಗಳನ್ನು ಎಣಿಸಿದಾಗ ಮುದಿತನದಲ್ಲೂ ಸಂಖ್ಯೆ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಕೆಡುವುದು ಕೋಶದ ಆಯ್ಕೆಯ ಗುಣ. ಈ ಭಾಗದ ಒಂದೊಂದು ಕೋಶಕ್ಕೂ ಒಂದೊಂದು ಓರೆಯ ಗೆರೆ ಇಷ್ಟ. ಒಂದು ನೆಟ್ಟಗಿನ ಗೆರೆಗೆ ಮಿಡಿದರೆ ಇನ್ನೊಂದು ಅಡ್ಡ ಗೆರೆಗೆ. ಇದನ್ನು ತೋರಿಸಿದ ಹ್ಯೂಬೆಲ್ ಮತ್ತು ವೀಸೆಲ್ 1981ರಲ್ಲಿ ನೊಬೆಲ್ ಹಂಚಿಕೊಂಡರು. 2000ದಲ್ಲಿ ಲೆವೆಂತಾಲ್ ತಂಡ ಮುದಿ ರೀಸಸ್ ಮಂಗಗಳಲ್ಲಿ ಅಳೆದಾಗ, ಇಂಥದೇ ಗೆರೆ, ಇಂಥದೇ ದಿಕ್ಕು ಎಂದು ಆರಿಸುವ ಕೋಶಗಳು ಬಹಳ ಕಡಿಮೆಯಾಗಿದ್ದವು. ಜೊತೆಗೆ, ಎದುರಿಗೆ ಏನೂ ಇಲ್ಲದಾಗಲೂ ಕೋಶಗಳು ಮಿಡಿಯುವುದು ಹೆಚ್ಚಿತ್ತು. ಕಣ್ಣಿನಿಂದ ಬರುವ ಸುದ್ದಿ ದಾರಿಯಲ್ಲಿ ನಿಲ್ಲುವ ಥಲಾಮಸ್‌ನ ಕೋಶಗಳು ಮಾತ್ರ ಮುದಿ ಮಂಗಗಳಲ್ಲೂ ಹೆಚ್ಚುಕಡಿಮೆ ಮೊದಲಿನ ಹಾಗೇ ಇದ್ದವು.

ಅಡಿಕೆ ಆರಿಸುವವರಿಗೆ ಇದನ್ನು ವಿವರಿಸುವುದು ಸುಲಭ. ಹಸ, ಬೆಟ್ಟೆ, ರಾಶಿ, ಗೊರಬಲು ಅಂತ ಗುಡ್ಡೆ ಮಾಡಲು ನಾಲ್ಕು ಜನ ಕೂತಿದ್ದಾರೆ. ಒಬ್ಬರೂ ಎದ್ದು ಹೋಗಿಲ್ಲ, ಆದರೆ ಎಲ್ಲರ ಕೈಯೂ ಎಲ್ಲ ಅಡಿಕೆಗೂ ಚಾಚುತ್ತಿದೆ. ಖಾಲಿ ಹೆಡಿಗೆಯಲ್ಲೂ ಕೈಯಾಡಿಸುತ್ತಿದ್ದಾರೆ. ಗುಡ್ಡೆಗಳು ಬೆರೆತುಹೋಗದೆ ಇರುತ್ತವೆಯೇ? ಈ ಕೈಗಳನ್ನು ಹಿಡಿದಿಡುವ ಕೆಲಸ ಗಾಬಾ ಎಂಬ ರಾಸಾಯನಿಕದ್ದು. 2003ರಲ್ಲಿ ಅದೇ ತಂಡ ಮುದಿ ಮಂಗಗಳ ಕೋಶಗಳಿಗೆ ಗಾಬಾವನ್ನೂ ಅದರಂತೆ ಕೆಲಸ ಮಾಡುವ ಮಸಿಮಾಲ್ ಅನ್ನೂ ಸೂಕ್ಷ್ಮ ನಳಿಕೆಯಿಂದ ನೇರವಾಗಿ ಕೊಟ್ಟಾಗ ಗದ್ದಲ ಇಳಿದು ಆಯ್ಕೆ ಚುರುಕಾಯಿತು. ಇದನ್ನು ಕೇಳಿ ಆನ್‌ಲೈನಿನಲ್ಲಿ ಗಾಬಾ ಮಾತ್ರೆ ತರಿಸುವವರಿದ್ದಾರೆ. ನುಂಗಿದ ಗಾಬಾ ರಕ್ತದಿಂದ ಮೆದುಳಿಗೆ ದಾಟುವುದೇ ಕಷ್ಟ. ಆ ದುಡ್ಡಿಗೆ ಎರಡು ಒಳ್ಳೆಯ ಬಲ್ಬು ಬರುತ್ತವೆ.

ಅಕ್ಷರದ ಗಾತ್ರದ ಬದಲು ಅದರ ಕಪ್ಪನ್ನು ಇಳಿಸುತ್ತಾ ಹೋಗುವ ಪೆಲ್ಲಿ-ರಾಬ್ಸನ್ ಚಾರ್ಟ್ 1988ರಿಂದ ಇದೆ. ಮೂರು ಮೂರು ಅಕ್ಷರದ ಗುಂಪು, ಗುಂಪಿನಿಂದ ಗುಂಪಿಗೆ ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಕಪ್ಪು-ಬಿಳುಪಿನ ಅಂತರ, 0.15 ಲಾಗ್ ಇಳಿಯುತ್ತದೆ, ಎರಡು ಗುಂಪು ದಾಟಿದರೆ ಅರ್ಧ. ಮೊದಲ ಗುಂಪಿಗೆ ಅಂಕ 0, ಮುಂದೆ ಓದಿದ ಒಂದೊಂದು ಗುಂಪಿಗೂ 0.15 ಏರುತ್ತದೆ. ದೂರ 1 ಮೀಟರ್. ಚಾರ್ಟಿನಲ್ಲಿರುವುದು ಇಂಗ್ಲಿಷ್ ಅಕ್ಷರ, ನಮ್ಮ ಅಜ್ಜಿಯರಿಗೆ ಉಪಯೋಗವಿಲ್ಲ. ಕನ್ನಡ ಅಕ್ಷರದಲ್ಲಿ ಮನೆಯಲ್ಲೇ ಮುದ್ರಿಸಿಕೊಂಡರೆ ಎರಡು ತಪ್ಪು: "ಠ" ಹೊಳೆದಷ್ಟು ಸುಲಭಕ್ಕೆ "ಣ" ಹೊಳೆಯುವುದಿಲ್ಲ, ಮತ್ತು ಶೇ 3ರ ಬೂದು ಬಣ್ಣ ಮನೆಯ ಪ್ರಿಂಟರಿನಿಂದ ಸರಿಯಾಗಿ ಬರುವುದೇ ಇಲ್ಲ. ಹಾಗಾಗಿ ನಾಲ್ಕು ದಿಕ್ಕಿಗೆ ತಿರುಗುವ "ಸಿ" ಅಥವಾ "ಇ" ಚಿಹ್ನೆಯ ಚಾರ್ಟನ್ನೇ ಕೊಳ್ಳಬೇಕು. ಬಾಯಿ ಎತ್ತ ಇದೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. ಆದರೆ ಲೆಕ್ಕ ಬದಲಾಗುತ್ತದೆ. ಇಂಗ್ಲಿಷ್ ಚಾರ್ಟಿನಲ್ಲಿ ಬಳಸುವುದು ಹತ್ತು ಅಕ್ಷರ. ಊಹೆಯಿಂದ ಮೂರರಲ್ಲಿ ಎರಡು ಸರಿಯಾಗುವುದು ಶೇ 3ಕ್ಕಿಂತ ಕಡಿಮೆ. ನಾಲ್ಕು ದಿಕ್ಕಿನದರಲ್ಲಿ ಅದೇ ಶೇ 16 ಆಗುತ್ತದೆ. ಹಾಗಾಗಿ ಇಲ್ಲಿ ಮೂರಕ್ಕೆ ಮೂರೂ ಸರಿ ಬಂದರೆ ಮಾತ್ರ ಆ ಗುಂಪನ್ನು ಒಪ್ಪುತ್ತೇನೆ. ಊಹೆಯ ಪಾಲು ಶೇ 2ರೊಳಗೆ ಬರುತ್ತದೆ.

ಬೆಳಕಿನಲ್ಲೇ ಹೆಚ್ಚು ಎಡವಟ್ಟು. ಬಿಳಿ ಚಾರ್ಟಿನ ಮೇಲೆ ಸುಮಾರು 300 ಲಕ್ಸ್ ಬೆಳಕು ಬೀಳಬೇಕು, 220ರಿಂದ 440ರವರೆಗೆ ನಡೆಯುತ್ತದೆ. ಆಷಾಢದ ಮಧ್ಯಾಹ್ನ ಮಾಳಿಗೆ ಮನೆಯ ನಡುಮನೆಯಲ್ಲಿ ಇದರ ಹತ್ತಿರಕ್ಕೂ ಬೆಳಕು ಬರುವುದಿಲ್ಲ. ಜಗುಲಿಗೆ ಬಂದರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಜಗುಲಿಯ ಒಳಗೋಡೆಗೆ ಚಾರ್ಟು ತೂಗುಹಾಕಿ, ಕೂತವರ ಎರಡೂ ಹೆಗಲ ಹಿಂದಿನಿಂದ ಒಂದೊಂದು 9 ವ್ಯಾಟ್ ಎಲ್‌ಇಡಿ ಹಚ್ಚಿ, ನಾಲ್ಕು ಮೂಲೆಯಲ್ಲೂ ಲಕ್ಸ್ ಮೀಟರ್ ಇಟ್ಟು ನೋಡಬೇಕು. ಮೊಬೈಲಿನ ಲಕ್ಸ್ ಆ್ಯಪ್ ಮೂಲೆಗಳನ್ನು ಹೋಲಿಸಲು ಆದೀತು, ಸಂಖ್ಯೆಯನ್ನು ನಂಬಬೇಡಿ. ಬಲ್ಬು ಮುಖಕ್ಕೆ ಹೊಡೆದರೆ ಅಳೆಯುವುದು ಕಾಂಟ್ರಾಸ್ಟ್ ಅಲ್ಲ, ಕಣ್ಣು ಕುಕ್ಕುವುದನ್ನು.

ಇನ್ನು ನಮ್ಮ ಊರಿನದೇ ಶತ್ರು ಬೂಸಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾರ್ಟನ್ನು ಬರೀ ಚೀಲದಲ್ಲಿಟ್ಟರೆ ಮೇಲೆ ತೆಳ್ಳಗೆ ಬೂದು ಪದರ ಕೂರುತ್ತದೆ. ಕಡುಗಪ್ಪು ಅಕ್ಷರಕ್ಕೆ ಏನೂ ಆಗುವುದಿಲ್ಲ, ಶೇ 2-3ರ ಮಸುಕು ಅಕ್ಷರ ಮಾಯವಾಗುತ್ತದೆ. ದೋಷ ಚಾರ್ಟಿನದು, ಅಂಕ ಕಳೆದುಕೊಳ್ಳುವವರು ಅಜ್ಜ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಕತ್ತಲಲ್ಲಿಡಿ, ಬೆರಳು ತಾಗಿಸಬೇಡಿ. ತಿಂಗಳಿಗೊಮ್ಮೆ ಒಳ್ಳೆಯ ದೃಷ್ಟಿಯ ಹರೆಯದವರೊಬ್ಬರಿಗೆ ತೋರಿಸಿ: ಅವರೇ 1.8 ಅಂಕ ಮುಟ್ಟದಿದ್ದರೆ ಚಾರ್ಟನ್ನೋ ಬೆಳಕನ್ನೋ ಅನುಮಾನಿಸಿ.

ಪರೀಕ್ಷಿಸುವಾಗ ಅವಸರ ಸಲ್ಲ. ಮಸುಕು ಅಕ್ಷರ ಥಟ್ಟನೆ ಕಾಣುವುದಿಲ್ಲ, ನೋಡುತ್ತಾ ಇದ್ದರೆ ಮೂಡಿಬರುತ್ತದೆ. "ಇಲ್ಲ" ಅಂದ ಮೇಲೂ 20 ಸೆಕೆಂಡ್ ಕಾದು, ಊಹಿಸಿ ಎಂದು ಒತ್ತಾಯಿಸಬೇಕು. ಬೈಫೋಕಲ್ ಹಾಕಿದವರು ಗಲ್ಲ ಎತ್ತಿ ಓದುವ ಗಾಜಿನಿಂದ ನೋಡುತ್ತಾರೆ, ಗಮನಿಸಿ. 1 ಮೀಟರ್ ದೂರಕ್ಕಾಗಿ ದೂರದ ನಂಬರಿಗೆ +0.75 ಸೇರಿಸಿ, ಮಸೂರ ಬದಲಿಸಬಹುದಾದ ಟ್ರಯಲ್ ಫ್ರೇಮಿನಲ್ಲಿ ನೋಡುವುದು ಒಳ್ಳೆಯದು.

ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು, ಕೊನೆಗೆ ಎರಡೂ. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನನಗೆ ಅದೇ ಮುಖ್ಯ. ಎರಡು ಕಣ್ಣಿನ ಸುದ್ದಿ ಮೊದಲು ಒಂದೇ ಕೋಶದಲ್ಲಿ ಸೇರುವುದು ದೃಷ್ಟಿ ತೊಗಟೆಯಲ್ಲಿ. ಕಣ್ಣುಗಳು ಸರಿಸಮವಾಗಿದ್ದರೆ ಎರಡೂ ಸೇರಿದಾಗ ಅಂಕ ಸುಮಾರು 0.15 ಏರಬೇಕು. ಹಿರಿಯರಲ್ಲಿ ಈ ಲಾಭ ಕುಗ್ಗುತ್ತದೆ. ಎರಡೂ ಕಣ್ಣು ತೆರೆದಾಗ ಅಂಕ ಒಳ್ಳೆಯ ಕಣ್ಣಿನದಕ್ಕಿಂತ ಕಡಿಮೆಯಾದರೆ ಮೊದಲು ನೋಡಬೇಕಾದ್ದು ಒಂದೇ ಕಣ್ಣಿನಲ್ಲಿ ಉಳಿದ ಪೊರೆ. ಎರಡೂ ಕಣ್ಣು ಸೇರಿ ಬಂದ ಅಂಕ 1.5ಕ್ಕಿಂತ ಕೆಳಗಿದ್ದರೆ, ಅಂದರೆ ಶೇ 3ರ ಆಸುಪಾಸಿನ ಕಾಂಟ್ರಾಸ್ಟ್ ಕಾಣದಿದ್ದರೆ, ದೃಷ್ಟಿ ಕುಂದಿದೆ ಎಂದು ಹಿಡಿಯುತ್ತೇನೆ. ಆಗುಂಬೆ ಘಾಟಿಯ ಮಂಜಿನಲ್ಲಿ, ಮುಸ್ಸಂಜೆಯಲ್ಲಿ ಗಾಡಿ ಓಡಿಸಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ.

ಕಡಿಮೆ ಅಂಕ ಬಂದ ಕೂಡಲೇ ಮೆದುಳಿನ ಮುಪ್ಪು ಅನ್ನುವುದು ದೊಡ್ಡ ತಪ್ಪು. ಗ್ಲಾಕೋಮಾ, ಅಕ್ಷಿಪಟದ ನಡುಭಾಗದ ಸವೆತ, ಸಕ್ಕರೆ ಕಾಯಿಲೆ, ಶಸ್ತ್ರಚಿಕಿತ್ಸೆಯ ನಂತರ ಮಸೂರದ ಹಿಂದೆ ಕಟ್ಟುವ ಪೊರೆ, ಇವೆಲ್ಲ ಇದೇ ಅಂಕ ಕೊಡುತ್ತವೆ. ಮೊದಲು ಕಣ್ಣಿನ ವೈದ್ಯರು ಇವನ್ನು ತಳ್ಳಿಹಾಕಬೇಕು. ಒಂಟಿ ಅಕ್ಷರ ಓದಿ, ಅದೇ ಗಾತ್ರದ ಸಾಲಿನಲ್ಲಿ ದಾರಿ ತಪ್ಪುವವರು, ಎದುರಿಗೇ ಇರುವ ಚಂಬನ್ನು ತಡಕಾಡುವವರು, ಅದರಲ್ಲೂ ಅರವತ್ತರ ಒಳಗಿನವರು ನರರೋಗ ತಜ್ಞರನ್ನು ಕಾಣಲಿ: ಅಲ್ಝೈಮರ್ ಕೆಲವರಲ್ಲಿ ಮರೆವಿನಿಂದಲ್ಲ, ದೃಷ್ಟಿ ಭಾಗದಿಂದಲೇ ಶುರುವಾಗುತ್ತದೆ. ಒಂದು ಪಕ್ಕದ ನೋಟ ಇದ್ದಕ್ಕಿದ್ದಂತೆ ಹೋದರೆ ಅದು ಪಾರ್ಶ್ವವಾಯು ಇರಬಹುದು, ಬಸ್ಸಿಗೆ ಕಾಯಬೇಡಿ. ದೃಷ್ಟಿ ತೀರಾ ಹೋದವರಿಗೆ ಗೋಡೆಯ ಮೇಲೆ ಬಳ್ಳಿ, ಕುಳ್ಳ ಮನುಷ್ಯರು ಕಾಣುವುದುಂಟು. ಅದು ಭೂತಚೇಷ್ಟೆಯೂ ಅಲ್ಲ, ಹುಚ್ಚೂ ಅಲ್ಲ. ಸುದ್ದಿ ಬರದ ತೊಗಟೆ ತಾನೇ ಮಿಡಿಯುತ್ತದೆ. 1760ರಲ್ಲೇ ಜಿನೀವಾದ ಪ್ರಕೃತಿ ವಿಜ್ಞಾನಿ ಷಾರ್ಲ್ ಬಾನೆ ತನ್ನ ತಾತನಿಗೆ ಹೀಗಾಗಿದ್ದನ್ನು ಬರೆದಿಟ್ಟಿದ್ದಾನೆ.

ಮನೆಯೊಳಗೆ ಮಾಡುವ ಬದಲಾವಣೆ ಅಗ್ಗದ್ದು. ಕೆಂಪು ಸಿಮೆಂಟಿನ ಮೆಟ್ಟಿಲಿಗೆ ಅಂಚಿನಲ್ಲಿ 5 ಸೆಂಟಿಮೀಟರ್ ಅಗಲದ ಹಳದಿ ಪಟ್ಟಿ. ಬಣ್ಣಕ್ಕೆ ಸಣ್ಣ ಮರಳು ಬೆರೆಸದಿದ್ದರೆ ಮಳೆಯಲ್ಲಿ ಅದೇ ಜಾರುಗುಂಡಿ. ಪಟ್ಟಿ ಎಲ್ಲ ಮೆಟ್ಟಿಲಿಗೂ ಇರಬೇಕು, ಒಂದಕ್ಕೆ ಬಿಟ್ಟರೆ ಆ ಒಂದರಲ್ಲೇ ಬೀಳುತ್ತಾರೆ. ಹೊಗೆ ಹಿಡಿದ ಬಚ್ಚಲಿನ ಗೋಡೆಗೆ ಸುಣ್ಣ, ಕಪ್ಪು ಹಂಡೆಯ ಮೇಲೆ ಬಿಳಿ ಚಂಬು. ಊಟಕ್ಕೆ ಬಾಳೆಎಲೆಯೇ ಸರಿ, ಹಸಿರಿನ ಮೇಲೆ ಅನ್ನ ಎದ್ದು ಕಾಣುತ್ತದೆ. ಅಂಗಳದಿಂದ ಒಳಗೆ ಬಂದವರು ಹೊಸ್ತಿಲಲ್ಲಿ ಕಂಬ ಹಿಡಿದು ಒಂದೆರಡು ನಿಮಿಷ ನಿಲ್ಲಲಿ.

ಆರು ತಿಂಗಳ ಮೇಲೆ ಮತ್ತೆ ಅಳೆಯುವಾಗ ಅದೇ ಚಾರ್ಟು, ಅದೇ ಗೋಡೆ, ಅದೇ ಲಕ್ಸ್ ಇರಲಿ. ಒಂದು ಗುಂಪಿನ, ಅಂದರೆ 0.15ರ ವ್ಯತ್ಯಾಸ ಆ ದಿನದ ಸುಸ್ತಿನಿಂದಲೂ ಬರಬಹುದು. ಎರಡು ಗುಂಪು ಇಳಿದಿದ್ದರೆ ಮತ್ತೆ ಕಣ್ಣಿನಿಂದಲೇ ಹುಡುಕಾಟ ಶುರು ಮಾಡಬೇಕು.